ಗ್ರೀಕರ ಗ್ಲೇಜ್ ಹಾಕಿದ ಮಣ್ಣಿನ ಪಾತ್ರೆಗಳಿಗೆ ಕನ್ನಡ ಹೆಸರು ಬೇಕು, ತುರ್ತು

ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ.

ಒಂದು ಕಾಲೇಜಿನವರು ಹಳೆಯ ಗ್ರೀಸಿನ ಮಣ್ಣಿನ ಪಾತ್ರೆಗಳ ಫೋಟೊ ಪ್ರದರ್ಶನ ಇಟ್ಟುಕೊಂಡಿದ್ದಾರೆ. ಪ್ರತಿ ಫೋಟೊದ ಕೆಳಗೆ ಕನ್ನಡದಲ್ಲಿ ಎರಡು ಮೂರು ಸಾಲು ಇರಬೇಕು. ಅದನ್ನು ಬರೆಯುವ ಕೆಲಸ ನನ್ನದು. ನಾಳೆ ಸಂಜೆ ಫೈಲು ಪ್ರಿಂಟಿಗೆ ಹೋಗುತ್ತದೆ. ನೋಡಲು ಬರುವವರಲ್ಲಿ ಹೈಸ್ಕೂಲು ಮಕ್ಕಳೇ ಜಾಸ್ತಿ.

ಎಲ್ಲ ಪಾತ್ರೆಗಳೂ ಅಥೆನ್ಸಿನವು, ಕ್ರಿ.ಪೂ. 6 ಮತ್ತು 5ನೇ ಶತಮಾನದವು. ಊಟಕ್ಕೆ, ಕುಡಿಯುವ ಕೂಟಕ್ಕೆ ಬಳಸುತ್ತಿದ್ದವು. ಒಂದು ಅಗಲ ಬಾಯಿಯ, ಕಾಲಿರುವ, ಎರಡು ಹಿಡಿಯ ಕುಡಿಯುವ ಪಾತ್ರೆ. ಮೂಲದಲ್ಲಿ ಕೈಲಿಕ್ಸ್ ಅಂತ ಇದೆ. ಇನ್ನೊಂದು ವೈನಿಗೆ ನೀರು ಬೆರೆಸುವ ದೊಡ್ಡ ಪಾತ್ರೆ, ಕ್ರೇಟರ್. ಮತ್ತೊಂದು ವೈನನ್ನು ತಣ್ಣಗೆ ಇಡುವ ಪಾತ್ರೆ. ಆಮೇಲೆ ತಟ್ಟೆ, ಬೋಗುಣಿ. ಇವಕ್ಕೆಲ್ಲ ಮೂಲದಲ್ಲಿ 'ಕಪ್ಪು ಗ್ಲೇಜ್' ಎಂಬ ವಿಶೇಷಣ ಇದೆ. ಇದನ್ನು ಏನನ್ನೋಣ? ವೈನಿಗೆ ದ್ರಾಕ್ಷಾರಸ ಅನ್ನಬಹುದೇ? ಮಕ್ಕಳು ಜ್ಯೂಸು ಅಂದುಕೊಳ್ಳುತ್ತಾರೇನೋ ಎಂಬ ಅನುಮಾನ ನನಗಿದೆ.

ದಯವಿಟ್ಟು ಬೇಗ ತಿಳಿಸಿ.


ಬೆಂಗಳೂರಿನಿಂದ

ಚಷಕ. ಗ್ಲೇಜ್‌ಗೆ ಕಾಚಲೇಪ. ಕಾಚ ಎಂದರೆ ಗಾಜು. ಬೆರೆಸುವುದಕ್ಕೆ ಮಿಶ್ರಣಪಾತ್ರೆ. ಎಲ್ಲವೂ ಸಿದ್ಧವಾಗಿಯೇ ಇವೆ. ವೈನಿಗೆ ದ್ರಾಕ್ಷಾರಸವೇ ಸರಿ. ಬೈಬಲ್ ಅನುವಾದದಲ್ಲಿ ಅದೇ ಇದೆ, ಯಾರೂ ಜ್ಯೂಸು ಅಂದುಕೊಂಡಿಲ್ಲ.


ಶಿವಮೊಗ್ಗದಿಂದ

> ಚಷಕ. ಗ್ಲೇಜ್‌ಗೆ ಕಾಚಲೇಪ.

ಇದು ಹೈಸ್ಕೂಲು ಮಕ್ಕಳಿಗೆ ಬರೆಯುವ ಕನ್ನಡವೇ? ಕಾಚಲೇಪ ಎಂದರೆ ಓದಿದ ಮಗು ಕಾಚು ಹಚ್ಚಿದ್ದಾರೆ ಅಂದುಕೊಳ್ಳುತ್ತದೆ. ಎಲೆ ಅಡಿಕೆಗೆ ಹಾಕುವ ಕಾಚು.

ಕುಡಿಯುವ ಪಾತ್ರೆಗೆ ನಮ್ಮಲ್ಲಿ ಕುಡಿಕೆ ಇದೆ. ಕುಡಿ ಎಂಬ ಧಾತುವಿನಿಂದಲೇ ಬಂದದ್ದು. ಇದಕ್ಕಿಂತ ನೇರವಾದ ಹೆಸರು ಇನ್ನೇನು ಬೇಕು? ಬೆರೆಸುವ ಪಾತ್ರೆ ಬೆರಸುಬಾನಿ. ತಣ್ಣಗಿಡುವುದು ತಂಪುಗೊಡ. ಹೊಯ್ಯುವ ಹೂಜಿಯೂ ಪಟ್ಟಿಯಲ್ಲಿದ್ದರೆ ಹೊಯ್ಗಿಂಡಿ ಎನ್ನಿ. ಎಲ್ಲವೂ ಅಚ್ಚಕನ್ನಡ, ಎಲ್ಲವೂ ಸಂಧಿಗೆ ಸರಿ. ಯಾರಾದರೂ 'ಮದ್ಯಬಾನಿ' ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ವ್ಯಾಕರಣ ಬರೆದ ಕೇಶಿರಾಜ ಬೇಡ ಅಂದಿದ್ದನ್ನು ನಾವು ಫಲಕದ ಮೇಲೆ ಬರೆಯುವುದು ಬೇಡ.


ಧಾರವಾಡದಿಂದ

ಕುಡಿಕೆ ಮತ್ತು ಕುಡಿ ಬೇರೆ ಬೇರೆ. ಕಲಿ ಕಲಿಕೆ, ನಂಬು ನಂಬಿಕೆ. ಈ ಪ್ರತ್ಯಯ ಹಚ್ಚಿದರೆ ಕ್ರಿಯೆಯ ಹೆಸರು ಬರುತ್ತದೆ, ಪಾತ್ರೆಯ ಹೆಸರಲ್ಲ. ಅಲ್ಲದೆ ತಮಿಳಿನ ಕುಡುಕ್ಕೈ ನೋಡಿ. ತೆಂಗಿನ ಕರಟದಂಥ ಗಟ್ಟಿ ಚಿಪ್ಪಿನ ಪಾತ್ರೆ ಅದು. ಕುಡಿಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಮ್ಮಲ್ಲೂ ಕುಡಿಕೆಯಲ್ಲಿ ದುಡ್ಡು ಹೂಳುತ್ತಾರೆ, ತುಪ್ಪ ಇಡುತ್ತಾರೆ. ಯಾರೂ ಕುಡಿಕೆ ಎತ್ತಿ ಕುಡಿಯುವುದಿಲ್ಲ.


ಶಿವಮೊಗ್ಗದಿಂದ

ಹೊದಿ ಹೊದಿಕೆ, ಹಾಸು ಹಾಸಿಗೆ. ಇವು ಕ್ರಿಯೆಗಳೇ? ವಸ್ತುಗಳಲ್ಲವೇ? ಪ್ರತ್ಯಯದ ಪಾಠ ಅರ್ಧಕ್ಕೆ ನಿಲ್ಲಿಸಬೇಡಿ.

ಹೆಂಡದ ಕುಡಿಕೆಯನ್ನು ಎತ್ತಿ ಕುಡಿದವರನ್ನು ನಾನು ನೋಡಿದ್ದೇನೆ.


ಖಾನಾಪುರದ ಕಡೆಯಿಂದ

ಮೇಡಂ, ಹೆಸರಿಗಿಂತ ಮೊದಲು ಒಂದು ಮಾತು ಕೇಳಿ. ಎಲ್ಲರೂ ಬಟ್ಟಲ ಮೇಲೆ ಜಗಳ ಆಡುತ್ತಿದ್ದಾರೆ. ಅದರ ಮೇಲಿನ ಕಪ್ಪಿನ ಬಗ್ಗೆ ಯಾರೂ ಮಾತಾಡಿಲ್ಲ. ನಿಮ್ಮ ಫಲಕದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಅಲ್ಲೇ. ಅದು ಗ್ಲೇಜ್ ಅಲ್ಲ. ಆದ್ದರಿಂದ ಕಾಚಲೇಪವೂ ಅಲ್ಲ, ಗಾಜುಲೇಪವೂ ಅಲ್ಲ.

ನಮ್ಮದು ಕುಂಬಾರರ ಮನೆ. ಆವಿಗೆ ಹೊತ್ತಿಸುವುದನ್ನು ನೋಡುತ್ತಲೇ ಬೆಳೆದವನು. ಗ್ಲೇಜ್ ಅಂದರೆ ಬೇರೆ ಪುಡಿ. ಮರಳಿನ ಅಂಶ, ಅದನ್ನು ಕರಗಿಸುವ ಸೀಸವೋ ಕ್ಷಾರವೋ ಬೂದಿಯೋ ಸೇರಿಸಿ, ಪಾತ್ರೆಯ ಮೇಲೆ ಹಚ್ಚಿ ಸುಟ್ಟರೆ ಅದು ಕರಗಿ ಗಾಜಿನ ಪದರ ಆಗುತ್ತದೆ. ಉಪ್ಪಿನಕಾಯಿ ಜಾಡಿಯ ಮೇಲೆ ಇರುವುದು ಅದು. ಅಥೆನ್ಸಿನ ಕುಂಬಾರರು ಹಾಗೆ ಮಾಡಲಿಲ್ಲ. ಅವರು ಹಚ್ಚಿದ್ದು ಮಣ್ಣನ್ನೇ.

ಅಲ್ಲಿನ ಅಟ್ಟಿಕಾ ಸೀಮೆಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅದನ್ನು ನೀರಲ್ಲಿ ಕದಡಿ ಬಿಡುತ್ತಿದ್ದರು. ದಪ್ಪ ಕಣ ತಳಕ್ಕೆ ಇಳಿಯುತ್ತದೆ. ತೀರಾ ನುಣುಪಾದದ್ದು ಮೇಲೆ ತೇಲುತ್ತದೆ. ಆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಗಟ್ಟಿ ಮಾಡಿ ಕುಂಚದಿಂದ ಹಚ್ಚುತ್ತಿದ್ದರು. ಹಚ್ಚುವಾಗ ಅದು ಕಪ್ಪಲ್ಲ. ಪಾತ್ರೆಯ ಮಣ್ಣಿಗೂ ಅದಕ್ಕೂ ಬಣ್ಣದಲ್ಲಿ ಅಷ್ಟೇನೂ ವ್ಯತ್ಯಾಸ ಇರಲಿಲ್ಲ. ಕಪ್ಪು ಬಂದದ್ದು ಬೆಂಕಿಯಲ್ಲಿ.

ಸುಡುವುದು ಒಂದೇ ಸಲ, ಆದರೆ ಮೂರು ಹದ. ಮೊದಲು ಗಾಳಿ ಚೆನ್ನಾಗಿ ಬಿಟ್ಟು ಸುಮಾರು 800 ಡಿಗ್ರಿ ತನಕ ಕಾಯಿಸುತ್ತಾರೆ. ಆಗ ಎಲ್ಲ ಕೆಂಪು. ಆಮೇಲೆ ಗಾಳಿಯ ದಾರಿ ಮುಚ್ಚಿ ಹಸಿ ಸೌದೆ ಹಾಕಿ ಹೊಗೆ ಕಟ್ಟಿಸುತ್ತಾರೆ. ಕಾವು ಸುಮಾರು 950ರ ತನಕ ಏರುತ್ತದೆ. ಆಮ್ಲಜನಕ ಸಿಗದೆ ಮಣ್ಣಿನ ಕಬ್ಬಿಣ ಕಪ್ಪಾಗುತ್ತದೆ. ಆಗ ಇಡೀ ಪಾತ್ರೆ ಕಪ್ಪು. ಇದೇ ಹೊತ್ತಿಗೆ ಆ ನುಣುಪು ಮಣ್ಣಿನ ಪದರ ಅಂಟಿಕೊಂಡು ಬಿಗಿಯಾಗಿ ತೂತು ಮುಚ್ಚಿಬಿಡುತ್ತದೆ. ಕೊನೆಗೆ ಕಾವು ಇಳಿಯುವಾಗ ಮತ್ತೆ ಗಾಳಿ ಬಿಡುತ್ತಾರೆ. ಪಾತ್ರೆಯ ಮೈಯಲ್ಲಿ ಸಣ್ಣ ತೂತುಗಳಿವೆ, ಗಾಳಿ ಒಳಗೆ ಹೋಗುತ್ತದೆ, ಅದು ತಿರುಗಿ ಕೆಂಪಾಗುತ್ತದೆ. ತಿಳಿಮಣ್ಣು ಹಚ್ಚಿದ ಜಾಗಕ್ಕೆ ಗಾಳಿ ಹೋಗಲು ದಾರಿ ಇಲ್ಲ. ಅದು ಕಪ್ಪಾಗಿಯೇ ಉಳಿಯುತ್ತದೆ. ಒಂದೇ ಸೀಮೆಯ ಮಣ್ಣು, ಒಂದೇ ಬೆಂಕಿ, ಎರಡು ಬಣ್ಣ. ಈ ಗುಟ್ಟನ್ನು ಮತ್ತೆ ಬಿಡಿಸಿ ಮಾಡಿ ತೋರಿಸಿದವನು ಥಿಯೊಡೋರ್ ಶೂಮಾನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ, 1942ರಲ್ಲಿ. ಅಲ್ಲಿಯ ತನಕ ಹಲವರು ಗ್ಲೇಜ್ ಎಂದೇ ಬರೆಯುತ್ತಿದ್ದರು. ನಿಮ್ಮ ಮೂಲದವರು ಆ ಹಳೆಯ ರೂಢಿಯನ್ನೇ ಇಟ್ಟುಕೊಂಡಿದ್ದಾರೆ, ಅಷ್ಟೆ.

ಹೊಗೆ ಕಟ್ಟಿಸಿ ಕಪ್ಪು ಮಾಡುವುದು ನಮ್ಮ ನೆಲಕ್ಕೂ ಹೊಸದಲ್ಲ. ಬ್ರಹ್ಮಗಿರಿ, ಮಸ್ಕಿ, ಹಳ್ಳೂರಿನ ದೊಡ್ಡ ಕಲ್ಲುಗೋರಿಗಳ ಕಾಲದ ಮಡಕೆ ನೋಡಿ. ಒಳಗೆಲ್ಲ ಕಪ್ಪು, ಬಾಯಂಚು ಕಪ್ಪು, ಹೊರಗೆ ಕೆಳಭಾಗ ಕೆಂಪು. ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಆಡುವುದಿಲ್ಲ, ಅಲ್ಲಿ ಕಪ್ಪಾಗುತ್ತದೆ ಎಂದು ವಿವರಿಸುತ್ತಾರೆ. ಗ್ರೀಕರಿಂದ ಇವರು ಕಲಿತರು, ಇವರಿಂದ ಅವರು ಕಲಿತರು ಎಂದು ನಾನು ಹೇಳುತ್ತಿಲ್ಲ. ಬೆಂಕಿ ಎಲ್ಲ ಕಡೆ ಒಂದೇ ರೀತಿ ಕೆಲಸ ಮಾಡುತ್ತದೆ.

ಆದ್ದರಿಂದ ಗ್ಲೇಜ್ ಎಂಬ ಮಾತನ್ನು ಬಿಟ್ಟುಬಿಡಿ. 'ಕರಿಮೆರುಗಿನ ಪಾತ್ರೆ' ಅನ್ನಿ. ಮೆರುಗು ಕಣ್ಣಿಗೆ ಕಾಣುವುದನ್ನು ಹೇಳುತ್ತದೆ. ಹೇಗೆ ಮಾಡಿದರು ಎಂಬ ಬಗ್ಗೆ ಸುಳ್ಳು ಹೇಳುವುದಿಲ್ಲ. ಒಂದು ಫಲಕದಲ್ಲಾದರೂ ಈ ಮೂರು ಹದದ ಕತೆ ಬರೆಯಿರಿ. ಮಕ್ಕಳಿಗೆ ಅದೇ ನೆನಪಿರುತ್ತದೆ.


ಬೆಂಗಳೂರಿನಿಂದ

ಒಪ್ಪ ಎಂಬ ಹಳೆಯ ಪದ ಇರುವಾಗ ಮೆರುಗು ಯಾಕೆ? ಕರಿಯೊಪ್ಪ ಎಂದರೆ ಇನ್ನೂ ಚೆಂದ. ಅಂದ ಹಾಗೆ ಕೈಲಿಕ್ಸ್ ಎಂಬುದು ನಮ್ಮ ಕಲಶವೇ. ಲ್ಯಾಟಿನ್ನಿನ ಕಾಲಿಕ್ಸ್ ಕೂಡ. ಮೂರರಲ್ಲೂ ಕ, ಲ, ಕೊನೆಗೆ ಉಜ್ಜುವ ದನಿ. ಹಾಗಿರುವಾಗ ಕಲಶ ಎಂದು ಬರೆದರೆ ಮೂಲಕ್ಕೂ ಹತ್ತಿರ, ನಮಗೂ ಹತ್ತಿರ.


ಖಾನಾಪುರದ ಕಡೆಯಿಂದ

ಒಪ್ಪ ಬೇಡ ಸರ್. ಒಪ್ಪ ಹಾಕುವುದು ಅಂದರೆ ಉಜ್ಜಿ ಹೊಳಪು ತರುವುದು. ಹಸಿ ಪಾತ್ರೆಯನ್ನು ನುಣ್ಣನೆ ಕಲ್ಲಿನಿಂದ ಉಜ್ಜುತ್ತೇವೆ. ಆ ಕೆಲಸ ಗ್ರೀಕರೂ ಮಾಡುತ್ತಿದ್ದರು, ಚಿತ್ರ ಬರೆಯುವ ಮೊದಲು. ಆದರೆ ಈ ಕಪ್ಪಿನ ಹೊಳಪು ಉಜ್ಜಿ ಬಂದದ್ದಲ್ಲ, ಸುಟ್ಟು ಬಂದದ್ದು.


ಧಾರವಾಡದಿಂದ

ಕಲಶ ಮತ್ತು ಕಿಲಿಕ್ಸ್ ಅನ್ನು ಹೋಲಿಸಿದವರು ಇದ್ದಾರೆ. ಹೋಲಿಸಿದ ಮಾತ್ರಕ್ಕೆ ಅನುವಾದ ಆಗುವುದಿಲ್ಲ. ಕಲಶ ಎಂದ ಕೂಡಲೆ ಮಾವಿನೆಲೆ, ತೆಂಗಿನಕಾಯಿ ಕಣ್ಣಿಗೆ ಬರುತ್ತವೆ. ಕಿಲಿಕ್ಸ್ ಅಗಲವಾಗಿ, ಆಳ ಇಲ್ಲದೆ, ಎತ್ತರದ ಕಾಲಿನ ಮೇಲೆ ನಿಂತ ಪಾತ್ರೆ. ಒಂದನ್ನು ಇನ್ನೊಂದು ಎನ್ನಲಾಗದು.

ಇನ್ನು ಉಚ್ಚಾರ. ಕೈಲಿಕ್ಸ್ ಇಂಗ್ಲಿಷಿನವರ ಬಾಯಿ. ಕಿಲಿಕ್ಸ್ ಎಂದು ಬರೆಯಿರಿ. ಕ್ರೇಟರ್ ಕೂಡ ಬೇಡ. ಮಕ್ಕಳಿಗೆ ಕ್ರೇಟರ್ ಎಂದರೆ ಚಂದ್ರನ ಮೇಲಿನ ಕುಳಿ. ಆ ಕುಳಿಗೆ ಹೆಸರು ಬಂದದ್ದೇ ಈ ಪಾತ್ರೆಯಿಂದ, ಅದು ಬೇರೆ ವಿಷಯ. ಗ್ರೀಕಿನಲ್ಲಿ ಕ್ರತೇರ್. ಬೆರೆಸು ಎಂಬ ಧಾತುವಿನದು.


ಮಂಗಳೂರಿನಿಂದ

ಇಷ್ಟು ಹೊತ್ತಾದರೂ ಯಾರೂ ಕರಿಟಿಯಾನ್ ಪ್ರಹಸನವನ್ನು ನೆನೆಯಲಿಲ್ಲ ಎಂಬುದು ನನಗೆ ಬೇಸರ ತಂದಿದೆ. ಗ್ರೀಕರ ಕುಡಿಯುವ ಪಾತ್ರೆಗೆ ಕನ್ನಡದ ಹೆಸರನ್ನು ಗ್ರೀಕರೇ ಬರೆದಿಟ್ಟಿದ್ದಾರೆ!

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ 413ನೇ ಪಪೈರಸ್, ಅಂದರೆ ಜೊಂಡಿನ ಹಾಳೆಯ ಮೇಲಿನ ಬರಹ. ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಅಚ್ಚು ಹಾಕಿಸಿದರು. ಕ್ರಿ.ಶ. 2ನೇ ಶತಮಾನದ ಪ್ರತಿ. ಕರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಬ್ಬ ರಾಜನ ಕೈಗೆ ಸಿಕ್ಕಿದ್ದಾಳೆ. ಅವಳ ಕಡೆಯವರು ರಾಜನಿಗೂ ಅವನ ಜನಕ್ಕೂ ವೈನು ಕುಡಿಸಿ, ಮತ್ತೇರಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನ ಕಡೆಯವರ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಇರಬಹುದು ಎಂದು 1904ರಲ್ಲೇ ಶಾಸನತಜ್ಞ ಹುಲ್ಟ್ಶ್ ಹೇಳಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಶಾಮಶಾಸ್ತ್ರಿಗಳು ಅದರ ಸಾಲುಗಳನ್ನು ಬಿಡಿಸಿದರು. 'ಬೆರೆ ಕೊಂಜೆಯಿ ದಮುನ್ ಪೆತ್ರೆಕಿಯೊ ಪಕ್ತೆಯಿ.' ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ! ಇದಕ್ಕಿಂತ ಸಾಕ್ಷಿ ಬೇಕೆ? ಪಾತ್ರ ಎನ್ನಿ, ಮಧು ಎನ್ನಿ. ಎರಡು ಸಾವಿರ ವರ್ಷದ ಮಾತು. ಹೊಸದಾಗಿ ಕಟ್ಟುವ ಅಗತ್ಯವೇ ಇಲ್ಲ.


ಧಾರವಾಡದಿಂದ

ಒಪ್ಪಲಾಗದು. 'ದಮುನ್' ಎಂಬುದನ್ನು ತಿರುಗಿಸಿ 'ಮಧು' ಮಾಡಿಕೊಂಡಿದ್ದಾರೆ. ಅಕ್ಷರ ಹಿಂದೆ ಮುಂದೆ ಮಾಡಲು ಬಿಟ್ಟರೆ ಯಾವ ಭಾಷೆಯಲ್ಲಿ ಬೇಕಾದರೂ ಅರ್ಥ ಹೊರಡುತ್ತದೆ. ವಿದ್ವಾಂಸ ಬಾರ್ನೆಟ್ 1926ರಲ್ಲೇ ಇದನ್ನು ಪ್ರಶ್ನಿಸಿದ್ದಾರೆ. ಅಲ್ಲದೆ ಅಥೆನ್ಸಿನ ಈ ಬಟ್ಟಲುಗಳಿಗೂ ಆ ನಾಟಕಕ್ಕೂ ಐನೂರಕ್ಕೂ ಹೆಚ್ಚು ವರ್ಷದ ಅಂತರ ಇದೆ.


ಮಂಗಳೂರಿನಿಂದ

'ಪಕ್ತೆಯಿ' ಎಂಬಲ್ಲಿ ಪಕಾರ ಇದೆ, ಹಕಾರ ಇಲ್ಲ. ಹಾಕು ಎಂಬುದರ ಹಳೆಯ ರೂಪ ಪಾಯ್ಕು. ಹಕಾರ ಬಂದದ್ದು ಎಷ್ಟೋ ಶತಮಾನದ ನಂತರ. ಸುಮ್ನೆ ದನಿ ಹೊಂದಿಸಿದ್ದಾದರೆ ಇಷ್ಟು ಸರಿಯಾಗಿ ಪಕಾರ ಬಂದು ಕೂರುತ್ತಿತ್ತೇ? ಬಾರ್ನೆಟ್ ಬರೆದ ಮಾತ್ರಕ್ಕೆ ಶಾಸ್ತ್ರಿಗಳ ಕೆಲಸ ಕಸ ಆಗುವುದಿಲ್ಲ.


ಧಾರವಾಡದಿಂದ

ಒಂದು ಅಕ್ಷರ ಕೂತಿತು. ಉಳಿದವನ್ನು ಕೂರಿಸಲು ಕತ್ತರಿ ಹಾಕಬೇಕು. ಫಲಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೇರೆ ಚರ್ಚೆ ತೆರೆಯಿರಿ.


ಮ್ಯೂನಿಕ್‌ನಿಂದ

ನಾನು ಇಲ್ಲಿ ಇರುವುದರಿಂದ ಈ ಪಾತ್ರೆಗಳನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದೆ. ಇಲ್ಲಿನ ಪ್ರಾಚೀನ ಕಲಾ ಸಂಗ್ರಹದಲ್ಲಿ ಎಕ್ಸೆಕಿಯಾಸ್ ಎಂಬ ಅಥೆನ್ಸಿನ ಕುಂಬಾರ ಮಾಡಿದ ಕಿಲಿಕ್ಸ್ ಇದೆ. ಸುಮಾರು ಕ್ರಿ.ಪೂ. 530ರದ್ದು. ಇಟಲಿಯ ವುಲ್ಚಿಯಲ್ಲಿ ಸಿಕ್ಕಿದ್ದು. ಒಳಗೆ ಹಡಗಿನಲ್ಲಿ ಒರಗಿ ಕೂತ ಡಿಯೊನಿಸಸ್, ಗ್ರೀಕರ ವೈನಿನ ದೇವರು. ಹಡಗಿನ ಕಂಬಕ್ಕೆ ದ್ರಾಕ್ಷಿ ಬಳ್ಳಿ ಹಬ್ಬಿದೆ, ಸುತ್ತ ಡಾಲ್ಫಿನ್‌ಗಳು. ಹೊರಮೈಯಲ್ಲಿ ಎರಡು ದೊಡ್ಡ ಕಣ್ಣು. ಕುಡಿಯಲು ಎತ್ತಿದಾಗ ಬಟ್ಟಲು ಮುಖ ಮುಚ್ಚುತ್ತದೆ. ಎದುರಿಗೆ ಕೂತವರಿಗೆ ಕುಡಿಯುವವನ ಕಣ್ಣಿನ ಜಾಗದಲ್ಲಿ ಆ ಕಣ್ಣುಗಳು ಕಾಣುತ್ತವೆ. ಎರಡು ಹಿಡಿಗಳೇ ಕಿವಿ. ವೈನು ಇಳಿಯುತ್ತ ಹೋದ ಹಾಗೆ ಕುಡಿಯುವವನಿಗೆ ತಳದ ಚಿತ್ರ ತೇಲಿ ಬರುತ್ತದೆ. ಈ ಬಟ್ಟಲಿನ ಆಕಾರದಲ್ಲೇ ಒಂದು ಆಟ ಇದೆ. ಕುಡಿಕೆ ಎಂದರೆ ಅದು ಪೂರ್ತಿ ಕಳೆದುಹೋಗುತ್ತದೆ. ಕುಡಿಕೆಗೆ ಬಾಯಿ ಸಣ್ಣದು, ಹೊಟ್ಟೆ ಗುಂಡು.

ಮೇಡಂ, ನನ್ನ ಸಲಹೆ ಕೇಳಿದರೆ 'ಎರಡು ಕಿವಿಯ ಬಟ್ಟಲು'. ನಮ್ಮಲ್ಲಿ ಕಡಾಯಿಗೆ ಕಿವಿ ಇದೆ. ಗ್ರೀಕರಲ್ಲೂ ಕವಿ ಹೋಮರ್ ನೆಸ್ಟರ್ ಎಂಬ ಮುದಿ ರಾಜನ ಬಟ್ಟಲಿಗೆ ನಾಲ್ಕು ಕಿವಿ ಎಂದೇ ಹೇಳಿದ್ದಾನೆ. ಹಿಡಿ ಎನ್ನುವುದಕ್ಕಿಂತ ಕಿವಿ ಸರಿ. ಫಲಕದ ಮೇಲೆ ಗ್ರೀಕ್ ಹೆಸರು ದೊಡ್ಡದಾಗಿ, ಕೆಳಗೆ ಕನ್ನಡ. ಯಾಕೆಂದರೆ ಕುಡಿಯುವ ಪಾತ್ರೆ ಒಂದೇ ಅಲ್ಲ. ಸ್ಕಿಫೋಸ್ ಆಳವಾದದ್ದು, ಕಾಲಿಲ್ಲ. ಕಾಂಥರೋಸ್ ಕಿವಿಗಳು ಬಾಯಂಚಿಗಿಂತ ಮೇಲೆ ಎದ್ದಿರುತ್ತವೆ. ಡಿಯೊನಿಸಸ್ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಫಿಯಾಲೆಗೆ ಕಿವಿಯೇ ಇಲ್ಲ, ದೇವರಿಗೆ ಎರೆಯುವ ಬಟ್ಟಲು ಅದು. ಎಲ್ಲಕ್ಕೂ ಚಷಕ ಎಂದರೆ ಮಕ್ಕಳು ಏನು ನೋಡಬೇಕು?

ಇನ್ನೊಂದು ಎಚ್ಚರಿಕೆ. ಮೂಲದಲ್ಲಿ ವೇಸ್ ಎಂಬ ಮಾತು ಎಲ್ಲ ಕಡೆ ಬಂದಿರುತ್ತದೆ. ಮ್ಯೂಸಿಯಂನವರ ರೂಢಿ ಅದು. ಎಲ್ಲೂ ಹೂದಾನಿ ಎಂದು ಬರೆಯಬೇಡಿ. ಇವುಗಳಲ್ಲಿ ಯಾವುದಕ್ಕೂ ಹೂವು ಇಡುತ್ತಿರಲಿಲ್ಲ.

ತಂಪಿನ ಪಾತ್ರೆ ಪ್ಸಿಕ್ತೇರ್. ಅದರ ಹೊಟ್ಟೆ ಮೇಲೆ ಉಬ್ಬಿ ಕೆಳಗೆ ಸಣ್ಣ ಕಾಂಡದಂತೆ ಇಳಿಯುತ್ತದೆ. ಅದರೊಳಗೆ ವೈನು ತುಂಬಿ, ತಣ್ಣೀರೋ ಹಿಮವೋ ಹಾಕಿದ ಕ್ರತೇರ್ ಒಳಗೆ ನಿಲ್ಲಿಸುತ್ತಿದ್ದರು. ಶಿವಮೊಗ್ಗದವರ ತಂಪುಗೊಡ ನನಗೆ ತುಂಬಾ ಹಿಡಿಸಿತು. ಅದನ್ನು ಬಿಡಬೇಡಿ.


ಶಿವಮೊಗ್ಗದಿಂದ

ತಂಪುಗೊಡ ಒಪ್ಪಿದ್ದಕ್ಕೆ ಸಂತೋಷ. ಆದರೆ 'ಪ್ಸಿಕ್ತೇರ್' ಎಂದು ದೊಡ್ಡದಾಗಿ ಬರೆದು ನಮ್ಮ ಪದವನ್ನು ಕೆಳಗೆ ಸಣ್ಣದಾಗಿ ಕೂರಿಸುವುದು ಯಾವ ನ್ಯಾಯ? ಕನ್ನಡದ ಯಾವ ಪದವೂ ಪ್ಸ ಎಂದು ಶುರುವಾಗುವುದಿಲ್ಲ. ಒಂಬತ್ತನೇ ತರಗತಿಯ ಮಗು ಅದನ್ನು ಓದಲು ತಡವರಿಸಿ ಮುಂದೆ ಹೋಗುತ್ತದೆ. ಹೊರಗಿನ ಹೆಸರನ್ನು ಮೇಲೆ ಇಟ್ಟು ಇಟ್ಟೇ ನಮ್ಮ ಪದಗಳು ಸೊರಗಿವೆ. ನಮ್ಮ ಕುಂಬಾರರ ಮನೆಯಲ್ಲಿ ಬಾನಿ, ಹರವಿ, ಗುಡಾಣ, ಮೊಗೆ, ಹೂಜಿ ಎಲ್ಲ ಇವೆ. ಬರೆಯುವವರು ಅವನ್ನು ಬಳಸುವುದಿಲ್ಲ. ಬಳಸದೆ ಇದ್ದರೆ ಮುಂದಿನವರಿಗೆ ಅವು ಇವೆ ಎಂಬುದೇ ಗೊತ್ತಾಗುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೆ.


ಬೆಂಗಳೂರಿನಿಂದ

ನಿಮ್ಮ ಅಚ್ಚಕನ್ನಡದ ಹಟದಲ್ಲಿ ಸಾವಿರ ವರ್ಷ ನಮ್ಮ ಕವಿಗಳು ಬಳಸಿದ ಪದಗಳನ್ನೆಲ್ಲ ಹೊರಗೆ ಹಾಕುತ್ತೀರಿ. ಚಷಕ ನಮ್ಮದಲ್ಲ ಎಂದರೆ ಇನ್ನಾವುದು ನಮ್ಮದು? ಊಟದ ಮನೆಯಲ್ಲಿ ಪಿಂಗಾಣಿ ತಟ್ಟೆ ಇಟ್ಟುಕೊಂಡು ಮಾತಾಡುತ್ತಿದ್ದೀರಿ. ಅದು ಎಲ್ಲಿಯದು ಗೊತ್ತೇ?


ಧಾರವಾಡದಿಂದ

ಪಿಂಗಾಣಿಯ ನೆಂಟಸ್ತಿಕೆ ಪಾರಸಿಯ ಪಿಂಗಾನ್ ಜೊತೆ. ಬಟ್ಟಲು ಎಂದರ್ಥ. ಆ ಪಿಂಗಾನನ್ನು ಗ್ರೀಕಿನ ಪಿನಾಕ್ಸ್‌ಗೆ ಜೋಡಿಸುವವರೂ ಇದ್ದಾರೆ. ಪಿನಾಕ್ಸ್ ಎಂದರೆ ಹಲಗೆ, ತಟ್ಟೆ. ಜೋಡಣೆ ಗಟ್ಟಿಯೋ ಅಲ್ಲವೋ, ಗ್ರೀಕ್ ಪದ ಕನ್ನಡಕ್ಕೆ ಬಂದದ್ದು ಹೊಸದೇನಲ್ಲ. ಕೇಂದ್ರ ಗ್ರೀಕಿನ ಕೆಂತ್ರೋನ್, ಸಂಸ್ಕೃತದ ಮೂಲಕ ಬಂತು. ಶಾಸನದ ದ್ರಮ್ಮ ಅವರ ದ್ರಾಖ್ಮೆ. ಯವನ ಎಂಬ ಹೆಸರೇ ಅಯೋನಿಯದ ಗ್ರೀಕರದು. ಸೆರಾಮಿಕ್ ಎಂದು ಟೈಲ್ಸ್ ಅಂಗಡಿಯಲ್ಲಿ ದಿನವೂ ಹೇಳುತ್ತೀರಲ್ಲ, ಅದರ ಮೂಲ ಕೆರಮೋಸ್, ಕುಂಬಾರನ ಮಣ್ಣು. ಅಥೆನ್ಸಿನ ಕುಂಬಾರಗೇರಿಯ ಹೆಸರು ಕೆರಮೆಯಿಕೋಸ್. ಈ ಪಾತ್ರೆಗಳು ಆ ಕೇರಿಯ ಕೆಲಸ.

ಕಿಲಿಕ್ಸ್, ಕ್ರತೇರ್ ಬಂದರೆ ಕನ್ನಡಕ್ಕೆ ಏನೂ ಆಗುವುದಿಲ್ಲ. ಬಾಯಿಗೆ ಒಗ್ಗಿದರೆ ಉಳಿಯುತ್ತವೆ. ಒಗ್ಗದಿದ್ದರೆ ಹೋಗುತ್ತವೆ.


ಶಿವಮೊಗ್ಗದಿಂದ

ಕೇಂದ್ರ, ದ್ರಮ್ಮ ಬಂದಾಗ ನಮ್ಮಲ್ಲಿ ಆ ವಸ್ತುವಿಗೆ ಹೆಸರು ಇರಲಿಲ್ಲ ಎನ್ನಿ, ಒಪ್ಪುತ್ತೇನೆ. ಬಟ್ಟಲಿಗೆ ಹೆಸರು ಇಲ್ಲವೇ? ಇದ್ದದ್ದನ್ನು ಮೂಲೆಗೆ ತಳ್ಳಿ ಸಾಲ ತರುವುದನ್ನು ನಾನು ಒಪ್ಪುವುದಿಲ್ಲ. ಈ ಮಾತು ಇಲ್ಲಿಗೇ ಬಿಡುವುದೂ ಇಲ್ಲ.


ಖಾನಾಪುರದ ಕಡೆಯಿಂದ

ಇಬ್ಬರೂ ಸ್ವಲ್ಪ ತಡೆಯಿರಿ. ಪಾತ್ರೆ ಮಾಡುವವನಿಗೆ ಇದು ಕಷ್ಟದ ಪ್ರಶ್ನೆಯೇ ಅಲ್ಲ. ಆಕಾರ ನಮ್ಮಲ್ಲಿ ಇದ್ದರೆ ನಮ್ಮ ಹೆಸರು. ಇಲ್ಲದಿದ್ದರೆ ತಂದವರ ಹೆಸರು. ಮೂರು ಕಿವಿಯ ನೀರಿನ ಕೊಡ ಹಿದ್ರಿಯಾ. ನೀರು ತುಂಬುವುದಕ್ಕೇ ಇದ್ದದ್ದು, ಕೊಡ ಅಂದರೆ ಸಾಕು. ಕಿಯಾಥೋಸ್ ಸೌಟು. ಓಯ್ನೊಖೊಯೆ ಕಿವಿಯಿರುವ ಹೂಜಿ. ಅದಕ್ಕೆ ಗಿಂಡಿ ಬೇಡ. ಗಿಂಡಿಗೆ ಕೊಳವೆಯಂಥ ಸೊಂಡಿಲು ಬೇಕು. ಇದಕ್ಕೆ ಇಲ್ಲ. ಬಾಯನ್ನೇ ಚಿವುಟಿ ಹೊಯ್ಯಲು ದಾರಿ ಮಾಡಿರುತ್ತಾರೆ. ಕ್ರತೇರ್‌ಗೆ ಬಾನಿ ಸರಿ. ಬಾನಿಯೂ ದೊಡ್ಡ ಬಾಯಿಯದೇ. ಬೆರಸುಬಾನಿ ನನಗೆ ಕಿವಿಗೆ ಹಿತ. ಆದರೆ ಕಾಲಿನ ಮೇಲೆ ನಿಂತ ಆ ಅಗಲ ಬಟ್ಟಲು ನಮ್ಮ ತಿಗರಿಯ ಮೇಲೆ ಬಂದದ್ದನ್ನು ನಾನು ನೋಡಿಲ್ಲ. ಅದಕ್ಕೆ ಕಿಲಿಕ್ಸ್ ಇರಲಿ.


ಮೈಸೂರಿನಿಂದ

ಎಲ್ಲರಿಗೂ ತುಂಬಾ ಧನ್ಯವಾದ. ವೈನಿಗೆ ದ್ರಾಕ್ಷಾರಸ, ಮಧು ಎಂಬ ಎರಡು ಉತ್ತರ ಬಂದವು. ನಾನು ವೈನು ಎಂದೇ ಬರೆಯುತ್ತೇನೆ. ಮೈಸೂರಿನ ಹೈಸ್ಕೂಲು ಮಗುವಿಗೆ ಅದು ಗೊತ್ತು. ಈಗ ಬರೆದಿರುವುದು ಹೀಗಿದೆ, ನೋಡಿ ಹೇಳಿ.

ಕಿಲಿಕ್ಸ್: ಎರಡು ಕಿವಿಯ, ಕಾಲಿರುವ ಕುಡಿಯುವ ಬಟ್ಟಲು. ಮಂಚದ ಮೇಲೆ ಒರಗಿ ಕುಡಿಯುತ್ತಿದ್ದ ಗ್ರೀಕರಿಗೆ ಅಗಲ ಬಟ್ಟಲು ಅನುಕೂಲ. ತಳದಲ್ಲಿ ಉಳಿದ ವೈನನ್ನು ಗುರಿಯಿಟ್ಟು ಚಿಮ್ಮಿಸುವ ಕೊತ್ತಬೋಸ್ ಎಂಬ ಆಟಕ್ಕೂ ಇದೇ ಬಟ್ಟಲು.

ಬೆರಸುಬಾನಿ, ಗ್ರೀಕಿನಲ್ಲಿ ಕ್ರತೇರ್: ವೈನಿಗೆ ನೀರು ಬೆರೆಸುವ ದೊಡ್ಡ ಪಾತ್ರೆ. ನೀರು ಬೆರೆಸದೆ ಕುಡಿಯುವವರನ್ನು ಗ್ರೀಕರು ಒರಟರು ಎಂದು ಎಣಿಸುತ್ತಿದ್ದರು. ಕೂಟದ ನಡುವೆ ಇದನ್ನು ಇಟ್ಟು ಎಲ್ಲರ ಬಟ್ಟಲಿಗೂ ಇದರಿಂದಲೇ ತುಂಬುತ್ತಿದ್ದರು.

ತಂಪುಗೊಡ, ಗ್ರೀಕಿನಲ್ಲಿ ಪ್ಸಿಕ್ತೇರ್: ವೈನು ತುಂಬಿ, ತಣ್ಣೀರು ಹಾಕಿದ ಬೆರಸುಬಾನಿಯಲ್ಲಿ ನಿಲ್ಲಿಸುತ್ತಿದ್ದ ಪಾತ್ರೆ.

ಊರಿನ ಬೋಗುಣಿ: ಅಥೆನ್ಸಿನ ಹಳೆಯ ಸಂತೆ ಚೌಕ ಅಗೋರಾದಲ್ಲಿ 1931ರಿಂದ ನಡೆದ ಅಗೆತದಲ್ಲಿ ಸಿಕ್ಕ ಇಂಥ ಕೆಲವು ಪಾತ್ರೆಗಳ ಮೇಲೆ ಡೆಲ್ಟಾ, ಎಪ್ಸಿಲಾನ್ ಎಂಬ ಎರಡು ಅಕ್ಷರ ಕೂಡಿಸಿ ಬರೆದಿದೆ. ದೆಮೋಸಿಯೋನ್, ಎಂದರೆ ಊರಿನ ಸೊತ್ತು. ಸರ್ಕಾರಿ ಕೆಲಸದ ಮೇಲಿದ್ದವರು ಒಟ್ಟಿಗೆ ಊಟ ಮಾಡುವಾಗ ಬಳಸುತ್ತಿದ್ದವು.

ಕರಿಮೆರುಗು: ಪಾತ್ರೆಯ ಮೇಲಿನ ಕಪ್ಪ ಬಣ್ಣ ಬೇರೆ ವಸ್ತುವಲ್ಲ. ನುಣುಪಾದ ಮಣ್ಣಿನ ತಿಳಿಯನ್ನು ಹಚ್ಚಿ, ಆವಿಗೆಗೆ ಮೊದಲು ಗಾಳಿ ಬಿಟ್ಟು, ನಂತರ ಮುಚ್ಚಿ, ಮತ್ತೆ ಬಿಟ್ಟು ಸುಟ್ಟಾಗ ಹಚ್ಚಿದ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ಕೆಂಪು ಚಿತ್ರದ ಪಾತ್ರೆಗಳಲ್ಲಿ ಕೆಂಪನ್ನು ಬಳಿದಿಲ್ಲ. ಸುತ್ತ ಕಪ್ಪು ಹಚ್ಚಿ ಚಿತ್ರದ ಜಾಗವನ್ನು ಹಾಗೇ ಬಿಟ್ಟಿದ್ದಾರೆ. ಈ ರೀತಿ ಅಥೆನ್ಸಿನಲ್ಲಿ ಶುರುವಾದದ್ದು ಸುಮಾರು ಕ್ರಿ.ಪೂ. 525ರಲ್ಲಿ.


ಶಿವಮೊಗ್ಗದಿಂದ

ಬೆರಸುಬಾನಿ, ತಂಪುಗೊಡ ಮೇಲೆ ಬಂದಿವೆ. ಮೊದಲ ಫಲಕದಲ್ಲಿ ಮಾತ್ರ ಕಿಲಿಕ್ಸ್ ಕೂತಿದೆ. ನನ್ನ ವಿರೋಧ ದಾಖಲಾಗಿರಲಿ.


ಖಾನಾಪುರದ ಕಡೆಯಿಂದ

ಚೆನ್ನಾಗಿ ಬಂದಿದೆ ಮೇಡಂ. ಕೊನೆಯ ಫಲಕದಲ್ಲಿ 'ಕಪ್ಪ ಬಣ್ಣ' ಎಂದು ಇದೆ. ಬಣ್ಣ ಎಂದರೆ ಡಬ್ಬಿಯ ಬಣ್ಣ ಅಂದುಕೊಳ್ಳುತ್ತಾರೆ. 'ಪಾತ್ರೆಯ ಮೇಲಿನ ಕಪ್ಪು' ಎಂದಷ್ಟೇ ಇಟ್ಟು ಪ್ರಿಂಟಿಗೆ ಕಳಿಸಿ.